ಬಿಳಿ ಎಡಮುರಿ

ಫೆಬ್ರುವರಿ ೯, ರವಿವಾರ

ಕಾಲೇಜಿನ ದಿನಗಳಲ್ಲಿ ಪ್ರತಿ ಚರ್ಚಾಸ್ಪರ್ಧೆಯ ನಂತರ ನಾನು ಆಡಿದ್ದನ್ನು ಬರೆದಿಟ್ಟುಕೊಳ್ಳುತ್ತಿದ್ದೆ. ವಾದ ಎಲ್ಲಿ ಜಾರಿತು ಎಂಬುದು ಕಾಗದದ ಮೇಲೆ ಬೇಗ ಕಾಣುತ್ತದೆ. ಆ ರೂಢಿ ತಪ್ಪಿ ದಶಕಗಳೇ ಆದವು. ಇಂದು ಮತ್ತೆ ಆರಂಭಿಸುತ್ತೇನೆ. ಚಿಕ್ಕೋಡಿಯ ಕಾಲೇಜಿನಲ್ಲಿ, ನಾನು ಚರ್ಚೆಯ ಢಾಲು ಗೆದ್ದ ಅದೇ ಸಭಾಗೃಹದಲ್ಲಿ, ನನ್ನ ಮಗಳ ಶ್ರದ್ಧಾಂಜಲಿ ಸಭೆಯಲ್ಲಿ ನಾನು ಹೇಳಿದ್ದು ಇದು:

“ಇಲ್ಲಿ ನೆರೆದಿರುವ ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ, ಶಿರಗುಪ್ಪಿ ಮತ್ತು ಕಾಗವಾಡದಿಂದ ಬಂದ ಬಂಧುಗಳಿಗೆ ನನ್ನ ಕೃತಜ್ಞತೆಗಳು. ಕಬ್ಬು ಕಡಿಯುವ ಹಂಗಾಮಿನಲ್ಲಿ ಕೆಲಸ ಬಿಟ್ಟು ಬಂದಿದ್ದೀರಿ. ಅದರ ಬೆಲೆ ನಾನು ಬಲ್ಲೆ. ಆದರೆ ನೀವು ತಂದಿರುವ ಸಹಾನುಭೂತಿಯನ್ನು ನಾನು ಸ್ವೀಕರಿಸಲಾರೆ. ಸಹಾನುಭೂತಿ ಸೋತವರಿಗೆ ಸಲ್ಲತಕ್ಕದ್ದು. ನನ್ನ ಮಗಳು ಕೋಮಲ ಸೋತವಳಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ — ಈ ಐದು ತಾಲೂಕುಗಳ ನೆಲದ ಮೇಲೆ ಯಾವ ಬಸವನಹುಳು ಎಲ್ಲಿ ಬಾಳುತ್ತದೆ ಎಂಬುದನ್ನು ಇಪ್ಪತ್ತಾರರ ವಯಸ್ಸಿನೊಳಗೆ ನಕ್ಷೆಯ ಮೇಲೆ ಇಳಿಸಿದವಳು ಆಕೆ. ನಾವು ತಲೆಯೆತ್ತಿ ನಡೆದ ನೆಲದಲ್ಲಿ ಆಕೆ ತಲೆ ಬಗ್ಗಿಸಿ ನಡೆದಳು. ನಮಗಿಂತ ಹೆಚ್ಚು ಕಂಡಳು. ಆಕೆ ಕಂಡ ಬಿಳಿ ಎಡಮುರಿ ಹುಳುವನ್ನು ಜೀವಂತ ತೋರಿಸಿರಿ ಎಂದು ಒಬ್ಬ ಪರೀಕ್ಷಕರು ಕೇಳಿದ್ದಾರೆ. ಆಕೆಯ ಪರವಾಗಿ ನಾನು ತೋರಿಸುತ್ತೇನೆ. ಅಲ್ಲಿಯವರೆಗೆ ನಿಮ್ಮ ಸಂತಾಪ ನಿಮ್ಮ ಬಳಿಯೇ ಇರಲಿ.”

ವೇದಿಕೆಯಿಂದ ಇಳಿದಾಗ ಯಾರೋ ಬಿಕ್ಕಿದರು. ಸಭಾಮರ್ಯಾದೆಗೆ ತಕ್ಕುದಲ್ಲ.

ವಾದ ಜಾರಿದ್ದು ಎಲ್ಲಿ? ಎಲ್ಲಿಯೂ ಇಲ್ಲ.

ಫೆಬ್ರುವರಿ ೧೧, ಮಂಗಳವಾರ

ವಿಷಯವನ್ನು ಕ್ರಮವಾಗಿ ಇಟ್ಟುಕೊಳ್ಳುತ್ತೇನೆ.

ಆಕೆಯ ಪ್ರಾಧ್ಯಾಪಕರಾದ ವಿರುಪಾಕ್ಷಪ್ಪನವರು ವಿವರಿಸಿದ ಪ್ರಕಾರ, ಬಸವನಹುಳುವಿನ ಚಿಪ್ಪನ್ನು ತುದಿ ಮೇಲಾಗಿ ಹಿಡಿದರೆ ಬಾಯಿ ಸಾಮಾನ್ಯವಾಗಿ ಬಲಕ್ಕೆ ಬರುತ್ತದೆ. ಎಡಕ್ಕೆ ಬರುವವು ವಿರಳ. ಕೋಮಲ ಎರಡು ಬಗೆಯ ಎಡಮುರಿ ಚಿಪ್ಪುಗಳನ್ನು ಕಂಡಿದ್ದಳು. ಎರಡೂ ಗೋಧಿ ಕಾಳಿಗಿಂತ ತುಸು ದೊಡ್ಡವು. ಒಂದು ಜೇನುಬಣ್ಣದ್ದು, ಮೈಮೇಲೆ ಸಣ್ಣ ಸಣ್ಣ ಗೆರೆಗಳುಳ್ಳದ್ದು. ಚಿಕ್ಕೋಡಿಯ ಕಡೆಯದು, ವಿದ್ವಾಂಸರಿಗೆ ಮೊದಲೇ ಗೊತ್ತಿದ್ದದ್ದು. ಇನ್ನೊಂದು ಅಚ್ಚ ಬಿಳಿ, ನುಣುಪು. ಇದು ಸಿಕ್ಕಿದ್ದು ನಮ್ಮ ಕಾಗವಾಡ ತಾಲೂಕಿನಲ್ಲಿ, ಉಗಾರದ ಕೆಳಗೆ ಕೃಷ್ಣೆಯ ದಂಡೆಯಲ್ಲಿ ಮಾತ್ರ. ಇದು ಜಗತ್ತಿಗೇ ಹೊಸದು, ಇಲ್ಲಲ್ಲದೆ ಬೇರೆಲ್ಲೂ ಇಲ್ಲ ಎಂಬುದು ಆಕೆಯ ಲೇಖನದ ಪ್ರತಿಪಾದನೆ.

ಲೇಖನ ಕಳಿಸಿದ್ದ ವಿಜ್ಞಾನ ಪತ್ರಿಕೆಯ ಪರೀಕ್ಷಕರ ಉತ್ತರ ಜನವರಿಯ ಕೊನೆಗೆ ಬಂತು. ಆಕೆ ಓದಲಿಲ್ಲ. ಅದಕ್ಕೆ ಹತ್ತು ದಿನ ಮೊದಲೇ, ಹಿಂದೆ ಕೆಂಪು ದೀಪವಿಲ್ಲದೆ ನಿಂತ ಕಬ್ಬಿನ ಟ್ರಾಲಿಗೆ ಆಕೆಯ ಸ್ಕೂಟಿ ಬಡಿದಿತ್ತು. ಅದನ್ನು ಒಂದು ಸಲ ಬರೆದಿದ್ದೇನೆ, ಮತ್ತೆ ಬರೆಯುವುದಿಲ್ಲ.

ಉತ್ತರ ಎರಡೇ ವಾಕ್ಯದ್ದು: ಎಲ್ಲ ಮಾದರಿಗಳೂ ಖಾಲಿ ಚಿಪ್ಪುಗಳು, ಜೀವಂತ ಹುಳುವನ್ನು ಕಾಣದೆ ಇದನ್ನು ಬೇರೆ ಜಾತಿಯೆಂದು ಒಪ್ಪಲಾಗದು.

ಎದುರು ಪಕ್ಷಕ್ಕೆ ನಮ್ಮ ಮನೆತನ ಗೊತ್ತಿಲ್ಲ. ನಾವು ಜೈನರು. ಹುಳುಗಳ ಅಧ್ಯಯನ ಮಾಡುತ್ತೇನೆಂದು ಕೋಮಲ ಹೇಳಿದ ದಿನ ನನ್ನ ತಾಯಿ ಅಕ್ಕುತಾಯಿ ಆಕೆಯನ್ನು ಬಸದಿಗೆ ಕರೆದೊಯ್ದು ಎರಡು ವ್ರತ ಹಿಡಿಸಿದಳು. ಜೀವವಿದ್ದ ಹುಳುವನ್ನು ಮುಟ್ಟಕೂಡದು. ಚಾತುರ್ಮಾಸದ ನಾಲ್ಕು ತಿಂಗಳು ಮುನಿಗಳು ಸಂಚಾರ ನಿಲ್ಲಿಸುವಂತೆ ಆಕೆಯೂ ಹಸಿ ನೆಲ ತುಳಿಯಕೂಡದು. ಬೇರೆ ಸಂಶೋಧಕರು ಮಳೆಗಾಲದಲ್ಲಿ ಹೋಗಿ ಹುಳುಗಳನ್ನು ಹಿಡಿದು ಸ್ಪಿರಿಟ್ಟಿನಲ್ಲಿ ಮುಳುಗಿಸುತ್ತಾರಂತೆ. ನನ್ನ ಮಗಳು ಬೇಸಿಗೆಯಲ್ಲಿ ನಡೆದು, ಸತ್ತು ಒಣಗಿದ ಚಿಪ್ಪುಗಳನ್ನಷ್ಟೇ ಆಯ್ದಳು. ಒಂದು ಜೀವಕ್ಕೂ ಕುಂದು ತರದೆ ಐದು ತಾಲೂಕು ಅಳೆದಳು. ಇದು ಕೊರತೆಯೋ, ಹಿರಿಮೆಯೋ? ಈ ಪ್ರಶ್ನೆಯನ್ನು ಯಾವ ಸಭೆಯಲ್ಲಾದರೂ ಇಡಬಲ್ಲೆ.

ಮಾರ್ಚ್ ೧೬, ರವಿವಾರ

ಸುಮಯ್ಯಾಳೊಂದಿಗೆ ಕೊಕಟನೂರಿನ ಕಡೆ ಹೋಗಿದ್ದೆ. ಈಕೆ ಕೋಮಲಳ ಜೊತೆ ಓದಿದವಳು, ನಿಪ್ಪಾಣಿಯವಳು, ಈಗ ಅಲ್ಲಿಯೇ ಅಧ್ಯಾಪಕಿ. ಹುಡುಕಲಿಕ್ಕೆ ಹೊರಡುವ ಮೊದಲು ನೋಡಲಿಕ್ಕೆ ಕಲಿಯಬೇಕೆಂದು ಈಕೆಯೇ ನನ್ನನ್ನು ಎಳೆದೊಯ್ದಳು.

ಅಥಣಿಯ ಪೂರ್ವಕ್ಕೆ ನೆಲ ಸುಟ್ಟ ರೊಟ್ಟಿಯ ಹಾಗಿತ್ತು. ಎಲ್ಲಮ್ಮನ ಗುಡಿಯಾಚೆ ಹಾಳು ಗೋಡೆಯೊಂದರ ಸಂದಿಯಲ್ಲಿ ಉದ್ದನೆಯ, ಗೋಪುರದಂಥ ಚಿಪ್ಪೊಂದು ಅಂಟಿಕೊಂಡಿತ್ತು. ಬಾಯಿಗೆ ತೆಳ್ಳನೆಯ ಪೊರೆ, ಕಾಗದ ಹಚ್ಚಿ ಮುಚ್ಚಿದಂತೆ.

“ಸತ್ತೈತಿ,” ಎಂದೆ.

“ಇಲ್ರಿ ಕಾಕಾ. ಬಾಗಲಾ ಹಾಕ್ಕೊಂಡು ಮಲಗೈತಿ. ಮಳಿ ಬಂದ್ರ ಎದ್ದು ಬರತೈತಿ.”

“ಎಷ್ಟು ದಿವಸ ಹಿಂಗ ಇರತೈತಿ?”

“ಅದಕ್ಕ ತಾಳ್ಮಿ ಭಾಳ್ರಿ. ನಿಮ್ಮಂಗಲ್ಲ.”

ಇಂಥ ಮಾತನ್ನು ನನಗೆ ಹೇಳುವ ಸಲಿಗೆ ಕೋಮಲಳಿಗೆ ಮಾತ್ರ ಇತ್ತು.

ಸುಮಯ್ಯಾ ಹೇಳಿದ್ದರ ಸಾರ: ಪಶ್ಚಿಮಕ್ಕೆ, ನಿಪ್ಪಾಣಿಯ ಕಡೆ, ಮಳೆ ಹೆಚ್ಚು, ಹುಳುಗಳ ಬಗೆಯೂ ಹೆಚ್ಚು. ಪೂರ್ವಕ್ಕೆ ಬಂದಂತೆ ಎರಡೂ ಇಳಿಯುತ್ತವೆ. ಅಥಣಿಯ ಕರಿನೆಲದಲ್ಲಿ ಬಾಗಿಲು ಹಾಕಿ ಮಲಗಬಲ್ಲವು ಮಾತ್ರ ಉಳಿಯುತ್ತವೆ. ಕಾಗವಾಡ ನಡುವಿನದು. ಹಾಗಾದರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹುಳು ಈ ನಡುವಿನ ನೆಲವನ್ನೇ ಏಕೆ ಆರಿಸಿಕೊಂಡಿತು ಎಂದು ಕೇಳಿದೆ. “ಅದನ್ನs ಕೋಮಲಾನೂ ಕೇಳತಿದ್ಲ್ರಿ,” ಎಂದಳು. ಒಳ್ಳೆಯ ವಾದಿ ತನ್ನ ಪಕ್ಷವನ್ನೇ ಮೊದಲು ಪ್ರಶ್ನಿಸುತ್ತಾನೆ. ನನ್ನ ಮಗಳಿಗೆ ಅದು ಗೊತ್ತಿತ್ತು.

ಜೂನ್ ೧೫, ರವಿವಾರ

ಮಳೆ ಹಿಡಿದಿದೆ. ಬೆಳಗಿನ ಬೆಳಕು ಹರಿಯುತ್ತಲೇ ಉಗಾರದ ದಂಡೆಗೆ ಹೋಗಿ ಹುಡುಕುವುದು ನಿತ್ಯಕರ್ಮವಾಗಿದೆ. ಕಲ್ಲು ಎತ್ತು, ಕೆಳಗೆ ನೋಡು, ಇದ್ದಂತೆಯೇ ಇಡು. ಬಿಳಿ ಚಿಪ್ಪುಗಳು ಬೇಕಾದಷ್ಟಿವೆ. ಒಂದರಲ್ಲೂ ಜೀವವಿಲ್ಲ.

ಪಕ್ಕದ ಹೊಲದ ಅಣ್ಣಾಸಾಬ ಪಪ್ಪಾಯಿ ತೋಟದಲ್ಲಿ ಉಪ್ಪು ಎರಚುತ್ತ ನಿಂತಿದ್ದ. ಮುಷ್ಟಿಗಾತ್ರದ ಆಫ್ರಿಕಾದ ಬಸವನಹುಳುಗಳು ಅವನ ಗಿಡಗಳ ಸುಳಿಯನ್ನೇ ತಿಂದುಹಾಕಿವೆ. ನನ್ನನ್ನು ಕಂಡು ಕೂಗಿದ:

“ಪಾಟೀಲ್ರ! ಮುಂಜಾನೆದ್ದು ಹುಳಾ ಹುಡಕಾಕ ಹೋಗ್ತೀರಂತ ಊರೆಲ್ಲಾ ಮಾತು. ಅಲ್ಲೀತನಾ ಯಾಕ್ರಿ? ನನ್ನ ತ್ವಾಟಕ್ಕ ಬರ್ರಿ, ಟ್ರಾಲಿ ತುಂಬಿ ಕೊಡ್ತೇನಿ, ಬಾಡಿಗಿನೂ ಕೊಡ್ತೇನಿ!”

“ನನಗ ಬೇಕಾದ ಹುಳಾ ನಿನ್ನ ಹಂತ್ಯಾಕ ಇಲ್ಲೋ ಅಣ್ಣಾಸಾಬ. ಅದು ಎಡಕ್ಕ ತಿರುಗತೈತಿ.”

“ಹುಳದಾಗೂ ಎಡಾ ಬಲಾ ಪಕ್ಷ ಅದಾವೇನ್ರಿ? ಹಂಗಾರ ಇಲೆಕ್ಷನ್ನಿಗೆ ನಿಂದರ್ಸೂಣು ಬಿಡ್ರಿ!”

ನಗುತ್ತ ಅವನು ಮತ್ತೊಂದು ಹಿಡಿ ಉಪ್ಪು ತೆಗೆದ. ಉಪ್ಪು ತಾಗಿದ ಹುಳು ನೊರೆಯಾಗಿ ಕುಗ್ಗುವುದನ್ನು ನಾನು ಹಿಂದೆ ಎಷ್ಟೋ ಸಲ ನೋಡಿದ್ದೇನೆ. ಇಂದು ನೋಡಲಿಕ್ಕೆ ನಿಲ್ಲಲಿಲ್ಲ, ತಡವಾಗಿತ್ತು.

ಜೂನ್ ೨೮, ಶನಿವಾರ

ಇಲ್ಲ.

ಜುಲೈ ೧೦, ಗುರುವಾರ

ಚಾತುರ್ಮಾಸ ಆರಂಭ. ಊರಿಗೆ ಬಂದ ಮುನಿಗಳು ಬಸದಿಯಲ್ಲಿ ನೆಲೆ ನಿಂತರು. ಬೆಳಿಗ್ಗೆ ನಾನು ಹೊರಟಾಗ ತಾಯಿ ಹೊಸ್ತಿಲಲ್ಲಿ ಕೂತಿದ್ದಳು, ಏಳಲಿಲ್ಲ.

“ಶಾಂತೂ, ಎಲ್ಲಿಗಿ ಹೊಂಟಿ?”

“ಹೊಳಿ ದಂಡಿಗೆ, ಅವ್ವಾ.”

“ಇವತ್ತಿನಿಂದ ನೆಲದ ತುಂಬ ಜೀವ ಇರತಾವು. ಹುಡುಗಿ ನಾ ಹೇಳಿದ್ದು ಕೇಳತಿದ್ಲು. ಅಕಿ ಅಪ್ಪ ಕೇಳೂದಿಲ್ಲೇನು?”

“ಅಕಿ ಕೆಲಸಾನs ಮಾಡಾಕ ಹೊಂಟೇನಿ.”

“ಅಕಿ ಮಳ್ಯಾಗ ಮಾಡಲಿಲ್ಲಲಾ.”

ವಾದದಲ್ಲಿ ಉತ್ತರವಿಲ್ಲದಾಗ ಪ್ರಶ್ನೆಯ ವ್ಯಾಪ್ತಿಯನ್ನೇ ಕಿರಿದುಗೊಳಿಸಬೇಕೆಂದು ಕಲಿತಿದ್ದೇನೆ. “ನೋಡಿ ನಡೀತೇನಿ,” ಎಂದೆ.

“ಬೂಟು ಬಿಚ್ಚು.”

“ಏನು?”

“ಬೂಟು ಹಾಕ್ಕೊಂಡ್ರ ಕಾಲಿಗಿ ತಿಳಿಯೂದಿಲ್ಲ. ಬರಿಗಾಲ್ಲೆ ಹೋಗು. ಮೊದಲ ಬೆರಳು ಊರು, ಆಮ್ಯಾಲ ಹಿಮ್ಮಡಿ.”

ಅರವತ್ತು ದಾಟಿದ ಗಂಡಸಿಗೆ ನಡೆಯುವುದನ್ನು ಕಲಿಸಿ ಆಕೆ ದಾರಿ ಬಿಟ್ಟಳು. ಬರಿಗಾಲಲ್ಲೇ ಹೋದೆ. ಬಹಳ ನಿಧಾನವಾಗುತ್ತದೆ. ಆದರೆ ಆ ನಿಧಾನದಲ್ಲಿ ಈ ಮೊದಲು ನಾನು ದಾಟಿಹೋಗಿದ್ದ ಮೂರು ಬಗೆಯ ಹುಳುಗಳು ಕಂಡವು. ಒಂದು ಸಾಸಿವೆಯಷ್ಟು ಸಣ್ಣದು. ಕಬ್ಬಿನ ಗರಿಯ ಕೊಳೆತ ರವದಿಯ ಮೇಲೆ ಹತ್ತುತ್ತಿತ್ತು. ಬಿಳಿ ಎಡಮುರಿ ಅಲ್ಲ.

ಜುಲೈ ೨೦, ರವಿವಾರ

ಒಂದು ಆಕ್ಷೇಪ ಹುಟ್ಟಿದೆ. ಎದುರು ಪಕ್ಷ ಎತ್ತುವ ಮೊದಲು ನಾನೇ ದಾಖಲಿಸುತ್ತೇನೆ.

ಇಂದು ಸೇತುವೆ ದಾಟಿ ಕುಡಚಿಯ ಕಡೆಯ ದಂಡೆಯನ್ನು ನೋಡಿದೆ. ಅದು ರಾಯಬಾಗ ತಾಲೂಕು. ಅಲ್ಲಿಯೂ ಬಿಳಿ ಚಿಪ್ಪುಗಳು ಸಿಕ್ಕವು. ಅದೇ ಎಡಮುರಿ, ಅದೇ ಅಳತೆ, ಅದೇ ನುಣುಪು. ಎಲ್ಲವೂ ಖಾಲಿ. ಎಲ್ಲವೂ ದಂಡೆಯ ಒಂದೇ ಎತ್ತರದಲ್ಲಿ, ಹಳೆಯ ಮಹಾಪೂರ ತಂದು ಬಿಟ್ಟ ಕಸಕಡ್ಡಿಯ ಸಾಲಿನಲ್ಲಿ. ಅದರ ಮೇಲೆ ಒಂದೂ ಇಲ್ಲ, ಕೆಳಗೂ ಇಲ್ಲ. ಮನೆಗೆ ಬರುವ ಮೊದಲು ಉಗಾರದ ದಂಡೆಯನ್ನು ಇನ್ನೊಮ್ಮೆ ನೋಡಿದೆ. ಅಲ್ಲಿಯೂ ಹಾಗೆಯೇ.

ಗೋಧಿಕಾಳಿನಷ್ಟು ಹುಳು ಕೃಷ್ಣೆಯನ್ನು ಈಜಿ ದಾಟಿತೇ?

ಉತ್ತರ: ಕೋಮಲ ಆ ದಂಡೆಗೆ ಹೋಗಿರಲಿಲ್ಲ. ‘ಕಾಗವಾಡದಲ್ಲಿ ಮಾತ್ರ’ ಎಂಬುದನ್ನು ‘ಕೃಷ್ಣೆಯ ಎರಡೂ ದಂಡೆಗಳಲ್ಲಿ ಮಾತ್ರ’ ಎಂದು ತಿದ್ದಿದರೆ ಪ್ರತಿಪಾದನೆ ಇನ್ನೂ ನಿಲ್ಲುತ್ತದೆ.

ಆಗಸ್ಟ್ ೧೬, ಶನಿವಾರ

ಹೊಳೆ ಏರಿದೆ. ದಂಡೆಗೆ ಹೋಗುವಂತಿಲ್ಲ. ಮನೆಯಲ್ಲಿ ಕೂತಿದ್ದೇನೆ.

ಆಕೆಯ ಚಿಪ್ಪುಗಳು ಕಡ್ಡಿಪೆಟ್ಟಿಗೆಗಳಲ್ಲಿವೆ. ಪ್ರತಿ ಪೆಟ್ಟಿಗೆಯ ಮೇಲೂ ಊರಿನ ಹೆಸರು. ಆಕೆ ಅವನ್ನು ತಾಲೂಕುವಾರು ಇಟ್ಟಿದ್ದಳು: ಅಥಣಿ ಮೊದಲು, ರಾಯಬಾಗ ಕೊನೆಗೆ. ಆಕೆಯ ಕೋಣೆಯ ಬಾಗಿಲು ತೆರೆದು, ಎಡಮುರಿಗಳ ಪೆಟ್ಟಿಗೆಗಳನ್ನಷ್ಟೇ ಊಟದ ಮೇಜಿಗೆ ತಂದೆ. ನನ್ನ ಹೆಂಡತಿ ಶೈಲಾ ತಾಟುಗಳನ್ನು ಒಳಗೆ ಒಯ್ದಳು. ಜನವರಿಯಿಂದ ಆ ಬಾಗಿಲನ್ನು ನಾವಿಬ್ಬರೂ ತೆರೆದಿರಲಿಲ್ಲ.

ಎದುರಿಗೆ ಹೊಳೆಯ ಸದ್ದು ಇದ್ದುದರಿಂದಲೋ ಏನೋ, ನಾನು ಪೆಟ್ಟಿಗೆಗಳನ್ನು ತಾಲೂಕಿನ ಕ್ರಮದಲ್ಲಿ ಇಡದೆ ನೀರಿನ ಕ್ರಮದಲ್ಲಿ ಇಟ್ಟೆ. ಎಲ್ಲಕ್ಕಿಂತ ಕೆಳಗೆ ಉಗಾರ. ಅದರ ಮೇಲೆ, ದೂಧಗಂಗೆ ಕೃಷ್ಣೆಯನ್ನು ಸೇರುವ ಕಲ್ಲೋಳ. ಅದರ ಮೇಲೆ, ದೂಧಗಂಗೆಯ ದಂಡೆಯ ಸದಲಗಾ.

ಉಗಾರದವು ಸುಣ್ಣದಂತೆ ಬಿಳಿ, ನುಣುಪು. ಕಲ್ಲೋಳದವು ಕೆನೆಬಣ್ಣ, ಭೂತಗನ್ನಡಿಯಲ್ಲಿ ನೋಡಿದರೆ ಬೆನ್ನಿನ ಮೇಲೆ ಅಳಿಸಿದಂಥ ಗೆರೆಗಳು. ಸದಲಗಾದವು ಜೇನುಬಣ್ಣ, ಗೆರೆಗಳು ಸ್ಪಷ್ಟ.

ಸಂಜೆಯ ಬೆಳಕು ನಂಬಿಕೆಗೆ ಅರ್ಹವಲ್ಲ. ನಾಳೆ ಹಗಲಿನಲ್ಲಿ ನೋಡುತ್ತೇನೆ.

ಆಗಸ್ಟ್ ೧೭, ರವಿವಾರ

ಬೆಳಕು ಸರಿಯಾಗಿಯೇ ಇತ್ತು.

ಆಗಸ್ಟ್ ೨೪, ರವಿವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನೀರಿನ ಕ್ರಮವನ್ನು ಹಿಡಿದು ಮೇಲಕ್ಕೆ ಹೋದೆ, ಒಬ್ಬನೇ. ಸದಲಗಾದ ಮೇಲೆ ಭೋಜ. ಅಲ್ಲಿಂದ ವೇದಗಂಗೆಯ ಗುಂಟ ನಿಪ್ಪಾಣಿಯ ಕಡೆಗೆ, ಅಕ್ಕೋಳದವರೆಗೆ. ಕೋಮಲ ನಿಪ್ಪಾಣಿಯ ಗುಡ್ಡಗಳನ್ನು ಹುಡುಕಿದ್ದಳು. ಈ ಹೊಳೆಸಾಲನ್ನು ಹುಡುಕಿರಲಿಲ್ಲ. ತಂಬಾಕಿನ ಹೊಲಗಳ ಬದುವಿನಲ್ಲಿ ಏನೂ ಸಿಗಲಿಲ್ಲ. ಮಳೆ ಜೋರಾದಾಗ ಹೊಳೆಯ ಮೇಲಿನ ದಿಬ್ಬದಲ್ಲಿದ್ದ ಖಬರಸ್ತಾನದ ಬಾಗಿಲಲ್ಲಿ ನಿಂತೆ. ಸುಮಯ್ಯಾಳ ತಂದೆ ಹಾಜಿಮಲಂಗ ಅದರ ಉಸ್ತುವಾರಿ ನೋಡುತ್ತಾರೆ. ಸಭೆಗೆ ಮಗಳ ಜೊತೆ ಬಂದಿದ್ದವರು. ನನ್ನನ್ನು ಗುರುತಿಸಿ ಛತ್ರಿ ತಂದರು.

“ಯಾ ಅಲ್ಲಾ! ಪಾಟೀಲ ಸಾಹೇಬ್ರು ಬರಿಗಾಲ್ಲೆ! ಚಪ್ಪಲಿ ಹೊಳ್ಯಾಗ ಹೋದವೇನ್ರಿ?”

“ಮನ್ಯಾಗ ಬಿಟ್ಟು ಬಂದೇನ್ರಿ.”

“ಒಳಗ ಬರ್ರಿ, ಚಾ ಕುಡೀರಿ. ಆ ಗ್ವಾಡಿ ಮುಟ್ಟಬ್ಯಾಡ್ರಿ ಮತ್ತ, ಅಂಟು ಹತ್ತತೈತಿ. ವರ್ಷಾ ಸುಣ್ಣಾ ಹಚ್ಚೂದು ನಾವು, ನೆಕ್ಕಿ ಮುಗಸೂದು ಇವು. ಕಮಿಟಿಯವ್ರು ನನ್ನ ಬೈತಾರ, ಸುಣ್ಣಾ ಮನಿಗಿ ಒಯ್ದೀ ಏನಲೇ ಅಂತ!”

ಗೋಡೆಯನ್ನು ನೋಡಿದೆ. ಸುಣ್ಣದ ಬಿಳುಪಿನ ಮೇಲೆ, ಸಾಲು ಗೋರಿಗಳ ಅಂಚಿನ ಮೇಲೆ, ಅಲ್ಲಲ್ಲಿ ಜೇನಿನ ಹನಿಗಳು. ಪ್ರತಿ ಹನಿಯೂ ಚಲಿಸುತ್ತಿತ್ತು. ಮುಂದೆ ಎರಡು ಕಪ್ಪು ಕೊಂಬು, ದಾರದ ಎಳೆಯಷ್ಟು. ಬಗ್ಗಿ ನೋಡಿದೆ. ಬಾಯಿ ಎಡಕ್ಕೆ.

ಕಿಸೆಯಲ್ಲಿದ್ದ ಉಗಾರದ ಕಡ್ಡಿಪೆಟ್ಟಿಗೆಯನ್ನು ತೆರೆದು, ಒಂದು ಬಿಳಿ ಚಿಪ್ಪನ್ನು ಅಲ್ಲಿಯೇ, ಜೀವವಿದ್ದದ್ದರ ಪಕ್ಕದಲ್ಲಿ, ಮುಟ್ಟದಂತೆ ಹಿಡಿದೆ. ಸುತ್ತುಗಳೂ ಅಷ್ಟೇ, ಬಾಯಿಯ ಬಾಗೂ ಅದೇ. ಒಂದರ ಮೇಲೆ ಬಣ್ಣ ಮತ್ತು ಗೆರೆ ಇದ್ದವು. ಇನ್ನೊಂದರ ಮೇಲಿನ ಬಣ್ಣವನ್ನು ಬಿಸಿಲು ತಿಂದಿತ್ತು, ಗೆರೆಗಳನ್ನು ಹೊಳೆಯ ಉಸುಕು ಉಜ್ಜಿ ಅಳಿಸಿತ್ತು. ಹುಳು ಬಾಳುವುದು ಇಲ್ಲಿ. ಸತ್ತ ಮೇಲೆ ಅದರ ಚಿಪ್ಪು ಮಹಾಪೂರದಲ್ಲಿ ತೇಲಿ ವೇದಗಂಗೆ, ದೂಧಗಂಗೆ, ಕೃಷ್ಣೆಗಳನ್ನು ದಾಟಿ ನಮ್ಮ ಊರ ದಂಡೆಗೆ ಬರುತ್ತದೆ, ಬರುವಷ್ಟರಲ್ಲಿ ಬೆಳ್ಳಗಾಗುತ್ತದೆ.

ಬಿಳಿ ಎಡಮುರಿ ಎಂಬ ಜಾತಿ ಇಲ್ಲ. ಅದು ಜೇನುಬಣ್ಣದ ಎಡಮುರಿಯ ಹೆಣ. ಒಂದನ್ನೂ ಜೀವಂತ ನೋಡದ ನನ್ನ ಮಗಳು ಸಾವಿನ ಬಣ್ಣವನ್ನೇ ಹುಟ್ಟಿನ ಬಣ್ಣವೆಂದು ತಿಳಿದಳು.

ಹಾಜಿಮಲಂಗ ಚಹಾ ತಂದು ಪಕ್ಕದ ಕಟ್ಟೆಯ ಮೇಲೆ ಇಟ್ಟರು. ಬಹಳ ಹೊತ್ತಿನ ಮೇಲೆ, “ಸಾಹೇಬ್ರ, ಚಾ ಆರತೈತ್ರಿ,” ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, “ಕುಂಡ್ರಿ. ಇಲ್ಲಿ ಯಾರೂ ಎಬ್ಬಸೂದಿಲ್ಲ,” ಎಂದರು.

ನಮ್ಮಲ್ಲಿ ಗೋರಿ ಕಟ್ಟುವ ಪದ್ಧತಿ ಇಲ್ಲ. ಹೋಗಿ ಕೂರುವುದಕ್ಕೆ ಜಾಗ ಎಂಬುದಿಲ್ಲ. ಕೂತೆ. ಅದು ಗೋಡೆಯ ಮೇಲೆ ಒಂದು ಗೇಣು ಏರುವವರೆಗೆ ನೋಡಿದೆ. ಬಹಳ ಚೆಲುವಾದ ಪ್ರಾಣಿ. ಕೋಮಲ ನೋಡಿದ್ದರೆ

ಸೆಪ್ಟೆಂಬರ್ ೨, ಮಂಗಳವಾರ

ವಿರುಪಾಕ್ಷಪ್ಪನವರ ಫೋನು. “ಪಾಟೀಲ್ರ, ಒಳ್ಳೆ ಸುದ್ದಿ! ಕಾಲೇಜಿನ ಸಂಚಿಕಿಯೊಳಗ ಕೋಮಲಂದು ಲೇಖನ ಅಚ್ಚ ಹಾಕಸೂಣು ಅಂತ ಠರಾವು ಆಗೇತ್ರಿ. ಪರೀಕ್ಷಕರು ಒಪ್ಪಲಿ ಬಿಡಲಿ. ಉಗಾರದ ದಂಡಿ ಮ್ಯಾಲ ಕಲ್ಲು ನಿಲ್ಲಸೂಣು. ಶಿಲ್ಪಿಗೆ ಹೇಳಿ ಆತ್ರಿ.”

ಕಲ್ಲಿನ ಮೇಲಿನ ಬರಹ: ‘ಬಿಳಿ ಎಡಮುರಿ. ಜಗತ್ತಿನಲ್ಲಿ ಇಲ್ಲಿ ಮಾತ್ರ. ಕಂಡವರು: ಕುಮಾರಿ ಕೋಮಲ ಶಾಂತಿನಾಥ ಪಾಟೀಲ.’

ನಿಮಗೆ ಜೀವಂತ ಹುಳು ಸಿಕ್ಕಿತೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ? ಈ ಪ್ರಶ್ನೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ಸೆಪ್ಟೆಂಬರ್ ೫, ಶುಕ್ರವಾರ

ಪರವಾದ ವಾದಗಳು. ಒಂದು: ಖಬರಸ್ತಾನದಲ್ಲಿ ನಾನು ಕಂಡದ್ದು ನನಗೊಬ್ಬನಿಗೆ ಗೊತ್ತು. ಎರಡು: ಕಲ್ಲಿನಿಂದ ಯಾರಿಗೂ ಕೇಡಿಲ್ಲ. ಮೂರು: ತಾಯಿಗೆ ಆಕೆಯ ಮೊಮ್ಮಗಳ ಹೆಸರು ಕಲ್ಲಿನ ಮೇಲೆ ಬೇಕು. ನಾಲ್ಕು: ತಪ್ಪು ಎಂದು ತಿಳಿದರೆ, ಅದಕ್ಕೆ ಕಾರಣ ತಾನು ಹಿಡಿಸಿದ ವ್ರತವೆಂದು ತಾಯಿಗೆ ಅದೇ ಕ್ಷಣ ಹೊಳೆಯುತ್ತದೆ.

ವಿರೋಧವಾದ ವಾದ ಒಂದೇ ಒಂದು. ಅದನ್ನು ಬರೆಯಬೇಕಾದ ಅಗತ್ಯವಿಲ್ಲ. ಆಕೆಯ ಪೆಟ್ಟಿಗೆಗಳು ಇನ್ನೂ ಮೇಜಿನ ಮೇಲೆ ನೀರಿನ ಕ್ರಮದಲ್ಲೇ ಇವೆ.

ಸೆಪ್ಟೆಂಬರ್ ೮, ಸೋಮವಾರ

ಕ್ಷಮಾವಣಿ. ದಶಲಕ್ಷಣ ಪರ್ವ ಮುಗಿದ ಮೇಲೆ ಇಂದು ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ದಿನ. ಬಸದಿಯಿಂದ ಬಂದು ತಾಯಿಯ ಪಾದ ಮುಟ್ಟಿದೆ. ಆಕೆ ಕೈ ಜೋಡಿಸಿದಳು. ಬಳಿಕ ಕೇಳಿದಳು:

“ಜೀವ ಇದ್ದದ್ದು ನೋಡಿದೆಲಾ?”

ನಾನು ಯಾರಿಗೂ ಹೇಳಿರಲಿಲ್ಲ.

“ನೋಡಿದೆ ಅಂತ ನಿನಗ ಯಾರು ಹೇಳಿದ್ರು?”

“ನಿಪ್ಪಾಣಿಗಿ ಹೋಗಿ ಬಂದಾಗಿಂದ ಮನ್ಯಾಗೂ ಹಂಗs ನಡ್ಯಾಕತ್ತಿ. ಬೆರಳು ಮೊದಲು. ಹೆಂಗಿತ್ತು?”

“ಜೇನಿನಂಗಿತ್ತು, ಅವ್ವಾ. ಎರಡು ಕ್ವಾಡು ಇದ್ವು.”

“ಬಿಳೀದು ಅಂತಿದ್ಲಲಾ ಹುಡುಗಿ.”

ನಾನು ಸುಮ್ಮನಿದ್ದೆ. ಚರ್ಚೆಯಲ್ಲಿ ಮೌನವನ್ನು ಒಪ್ಪಿಗೆಯೆಂದು ಗಣಿಸುತ್ತಾರೆ. ತಾಯಿ ತನ್ನ ಜಪಮಣಿ ಎತ್ತಿಕೊಂಡಳು, ಎಣಿಸಲಿಲ್ಲ. “ಮುಟ್ಟಬ್ಯಾಡ ಅಂದಿದ್ದೆ. ನೋಡಬ್ಯಾಡ ಅಂದಿದ್ದಿಲ್ಲ,” ಎಂದಳು. ಇಷ್ಟೇ.

ಊಟಕ್ಕೆ ಕೂತಾಗ ಶೈಲಾ ನನ್ನ ಕಾಲುಗಳನ್ನೇ ನೋಡುತ್ತಿದ್ದಳು. “ಅವ್ವಾರು ಹೇಳೂದು ಖರೇ ಐತ್ರಿ. ಮೊದಲ ನೀವು ಅಂಗಳಕ್ಕ ಬಂದ್ರ ಒಳಗಿದ್ದವ್ರಿಗೆ ಗೊತ್ತಾಗತಿತ್ತು. ಈಗ ಸಪ್ಪಳಾನs ಇಲ್ಲ.” ಮೊಣಕಾಲಿನ ನೋವಿರಬೇಕೆಂದು ಹೇಳಿದೆ. ವೈದ್ಯರಿಗೆ ತೋರಿಸಬೇಕು.

ಅಕ್ಟೋಬರ್ ೧೯, ರವಿವಾರ

ಆ ಪರೀಕ್ಷಕರ ಎರಡು ವಾಕ್ಯಗಳನ್ನು ಮತ್ತೆ ಓದಿದೆ. ಅವು ಕಟುವಾಗಿವೆಯೆಂದು ಫೆಬ್ರುವರಿಯಲ್ಲಿ ಅನ್ನಿಸಿತ್ತು. ಈಗ ಓದಿದರೆ ಅವರು ಆಕೆಯ ಕೆಲಸವನ್ನು ಪೂರ್ತಿಯಾಗಿ, ಕೊನೆಯ ಮಾದರಿಯವರೆಗೆ ಗಮನಿಸಿದ್ದರೆಂದು ತಿಳಿಯುತ್ತದೆ. ಅಷ್ಟು ಗಮನವಿಟ್ಟು ಓದಿದವರು ಆಕೆಗೆ ಇನ್ನೊಬ್ಬರಿದ್ದರೆಂದು ಕಾಣೆ. ಸಭೆಯಲ್ಲಿ ಬಿಕ್ಕಿದವರಲ್ಲಿ ಲೇಖನ ಓದಿದವರು ಯಾರಿದ್ದರು?

ಕಲ್ಲು ಸಿದ್ಧವಾಗಿದೆಯಂತೆ.

ನವೆಂಬರ್ ೮, ಶನಿವಾರ

ಚಾತುರ್ಮಾಸ ಮುಗಿಯಿತು. ಮುನಿಗಳು ಊರು ಬಿಟ್ಟರು. ನಾಳೆ ಸಭೆ.

ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಬಂದೆ.

ನವೆಂಬರ್ ೯, ರವಿವಾರ

ಉಗಾರದ ದಂಡೆ. ಪೆಂಡಾಲು ಹಾಕಿದ್ದರು. ಕಲ್ಲು ಟ್ರಾಲಿಯ ಮೇಲೆ ಬಂದಿತ್ತು, ಹಾರ ಹಾಕಿಸಿಕೊಂಡು. ಟ್ರಾಲಿಯ ಹಿಂದೆ ಕೆಂಪು ದೀಪವಿದೆಯೇ ಎಂದು ನೋಡಿದೆ. ಇತ್ತು. ತಾಯಿ ಮುಂದಿನ ಸಾಲಿನಲ್ಲಿ, ಶೈಲಾಳ ಪಕ್ಕದಲ್ಲಿ. ಸುಮಯ್ಯಾ, ಹಾಜಿಮಲಂಗ, ಅಣ್ಣಾಸಾಬ ಬಂದಿದ್ದರು. ನಾನು ಆಡಿದ್ದು:

“ನೆರೆದಿರುವ ಎಲ್ಲರಿಗೂ ನನ್ನ ಕೃತಜ್ಞತೆಗಳು. ಕಲ್ಲು ಕೆತ್ತಿಸಿದ ಕಾಲೇಜಿಗೆ ವಿಶೇಷವಾಗಿ. ಒಂಬತ್ತು ತಿಂಗಳ ಹಿಂದೆ ನಿಮ್ಮ ಸಹಾನುಭೂತಿ ಬೇಡವೆಂದಿದ್ದೆ. ಇಂದೂ ಬೇಡವೆನ್ನುತ್ತೇನೆ, ಇಂದು ಹೆಚ್ಚು ಗಟ್ಟಿಯಾಗಿ.

“ಜೀವಂತ ಹುಳುವನ್ನು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಕಂಡಿದ್ದೇನೆ. ಇಲ್ಲಿ ಅಲ್ಲ. ವೇದಗಂಗೆಯ ಮೇಲೆ, ಅಕ್ಕೋಳದ ಕಡೆ, ಒಂದು ಖಬರಸ್ತಾನದ ಸುಣ್ಣದ ಗೋಡೆಯ ಮೇಲೆ. ಅದು ಬಿಳಿಯಲ್ಲ, ಜೇನುಬಣ್ಣದ್ದು. ಈ ದಂಡೆಯಲ್ಲಿರುವುದು ಹೊಳೆ ಹೊತ್ತು ತಂದ ಅದರ ಸತ್ತ ಚಿಪ್ಪು. ಹೀಗಾಗಿ ಬಿಳಿ ಎಡಮುರಿ ಎಂಬುದು ಬೇರೆ ಜಾತಿಯಲ್ಲ. ನನ್ನ ಮಗಳ ಪ್ರತಿಪಾದನೆ ತಪ್ಪು.”

ವಿರುಪಾಕ್ಷಪ್ಪನವರು ಅರ್ಧ ಎದ್ದರು. ಯಾರೋ ಮೈಕು ಸರಿಯಿಲ್ಲವೇನೋ ಎಂಬಂತೆ ಅದರತ್ತ ಬಂದರು. ಹಾಜಿಮಲಂಗ ಗಟ್ಟಿಯಾಗಿಯೇ, “ಹಂಗಾರ ನಮ್ಮ ಸುಣ್ಣಾ ತಿಂದವ್ರು ಇಷ್ಟು ದೊಡ್ಡ ಮಂದಿ ಏನ್ರಿ!” ಎಂದರು, ಅಣ್ಣಾಸಾಬ ನಕ್ಕ, ಸುಮಯ್ಯಾ ತಂದೆಯ ತೋಳು ಹಿಡಿದಳು. ನಾನು ತಾಯಿಯನ್ನು ನೋಡಿದೆ. ಆಕೆ ನೆಟ್ಟಗೆ ಕೂತಿದ್ದಳು. ಮುಂದುವರಿಸಿದೆ:

“ಆಕೆ ತಪ್ಪಿದ್ದು ಏಕೆ? ಜೀವವಿದ್ದ ಒಂದು ಹುಳುವನ್ನೂ ಮುಟ್ಟಲಿಲ್ಲವಾದ್ದರಿಂದ. ಹಸಿ ನೆಲವನ್ನು ತುಳಿಯಲಿಲ್ಲವಾದ್ದರಿಂದ. ಹಿರಿಯರಿಗೆ ಕೊಟ್ಟ ಮಾತನ್ನು ಆಕೆ ಮುರಿಯಲಿಲ್ಲ. ಮುರಿದಿದ್ದರೆ ಸರಿಯಾದ ಉತ್ತರ ಸಿಗುತ್ತಿತ್ತು. ಮುರಿಯದೆ ತಪ್ಪು ಉತ್ತರ ಪಡೆದಳು. ಆ ವ್ರತವನ್ನು ದೂಷಿಸುವವರು ಇದ್ದರೆ ಎದ್ದು ನಿಲ್ಲಿ. ಅವರ ಜೊತೆ ವಾದಿಸಲು ನಾನು ಈ ಇಳಿವಯಸ್ಸಿನಲ್ಲೂ ಸಿದ್ಧ. ಏಕೆಂದರೆ ಆ ಹುಳುವನ್ನು ನನಗೆ ಕಾಣಿಸಿದ್ದೂ ಅದೇ ವ್ರತ. ಬರಿಗಾಲಲ್ಲಿ, ಬೆರಳು ಮೊದಲು ಊರಿ ನಡೆಯಲು ಕಲಿಸಿದವರು ಈ ಸಭೆಯಲ್ಲೇ ಕೂತಿದ್ದಾರೆ.

“ಐದು ತಾಲೂಕುಗಳಲ್ಲಿ ಒಂದು ಜೀವವನ್ನೂ ಕೊಲ್ಲದೆ, ಊರಿನ ಹೆಸರು ತಪ್ಪದೆ, ಪ್ರತಿ ಚಿಪ್ಪನ್ನೂ ಆಕೆ ಎತ್ತಿಟ್ಟಿದ್ದಳು. ಆಕೆಯ ತಪ್ಪನ್ನು ನಾನು ಕಂಡುಹಿಡಿದದ್ದು ಆಕೆಯ ಪೆಟ್ಟಿಗೆಗಳಿಂದಲೇ. ತನ್ನ ತಪ್ಪನ್ನು ಹಿಡಿಯುವಷ್ಟು ಚೊಕ್ಕವಾಗಿ ಕೆಲಸ ಮಾಡಿಟ್ಟು ಹೋಗುವವರು ಎಷ್ಟು ಜನ? ನನ್ನ ಮಗಳು ಹಾಗೆ ಮಾಡಿದ್ದಳು. ನನ್ನ ಹೆಮ್ಮೆ ಅದರದ್ದು, ಕಲ್ಲಿನದ್ದಲ್ಲ.

“ಆದ್ದರಿಂದ, ಯಾರ ಸಲಹೆಯನ್ನೂ ಕೇಳದೆ ನಾನೊಬ್ಬನೇ ತೆಗೆದುಕೊಂಡ ತೀರ್ಮಾನವನ್ನು ಸಭೆಗೆ ತಿಳಿಸುತ್ತೇನೆ. ಕಲ್ಲನ್ನು ಟ್ರಾಲಿಯಿಂದ ಇಳಿಸಬೇಡಿ. ಆಕೆಯ ಹೆಸರಿನ ಮೇಲೆ ಸುಳ್ಳು ನಿಲ್ಲಕೂಡದು. ಲೇಖನವನ್ನು ಹಿಂದಕ್ಕೆ ಪಡೆಯುವ ಪತ್ರವನ್ನು, ಪರೀಕ್ಷಕರು ಸರಿ ಎಂಬ ಒಂದೇ ಕಾರಣ ಬರೆದು, ನಿನ್ನೆ ಅಂಚೆಗೆ ಹಾಕಿದ್ದೇನೆ. ನಲವತ್ತು ವರ್ಷಗಳಲ್ಲಿ ಎದುರು ಪಕ್ಷಕ್ಕೆ ನಾನು ಬಿಟ್ಟುಕೊಟ್ಟ ಮೊದಲ ವಿಷಯ ಇದು. ನನ್ನ ಮಗಳ ಪಕ್ಷದಲ್ಲಿ ನಿಂತೇ ಬಿಟ್ಟುಕೊಡುತ್ತಿದ್ದೇನೆ. ಬರುವ ಆಷಾಢದಲ್ಲಿ ಮೊದಲ ಮಳೆಯೊಂದಿಗೆ ನಾನು ಅಕ್ಕೋಳದಿಂದ ಬರಿಗಾಲಲ್ಲಿ ಹೊರಡುತ್ತೇನೆ. ಕೋಮಲಳ ನಕ್ಷೆಯನ್ನು, ಆಕೆಯ ಹೆಸರಿನಲ್ಲಿಯೇ, ಐದು ತಾಲೂಕುಗಳ ಉದ್ದಕ್ಕೂ ಮತ್ತೆ ಬರೆಯುತ್ತೇನೆ. ಈ ಸಲ, ಜೀವ ಇರುವಲ್ಲಿ ಮಾತ್ರ ಗುರುತು ಹಾಕುತ್ತೇನೆ.”